ಸಹಿ ಹಾಕದ ಪಾದ್ರಿ

ಸಹಿ ಹಾಕಿದ ಪಾದ್ರಿಗಳಿಗೆ ಚರ್ಚು ಉಳಿಯಿತು, ಹಾಕದವರಿಗೆ ಸೆರೆ ಶಿಬಿರ ಸಿಕ್ಕಿತು. ಸರ್ಕಾರದ ಕಾಗದದಲ್ಲಿದ್ದದ್ದು ಎರಡೇ ಸಾಲು: ನನಗೆ ಸರ್ಕಾರವೇ ಒಡೆಯ, ಪೋಪ್ ಅಲ್ಲ; ಜನ ಗುಟ್ಟಾಗಿ ಮಾಡುವ ಪಾಪನಿವೇದನೆಯಲ್ಲಿ ಕಿವಿಗೆ ಬಿದ್ದದ್ದನ್ನು ಪೊಲೀಸರು ಕೇಳಿದಾಗ ಹೇಳುತ್ತೇನೆ.

"ಇದು ನನ್ನಿಂದ ಆಗೋದಿಲ್ಲ" ಎಂದರು ಪಾದ್ರಿ.

ಅವರೊಂದಿಗೇ ಓದಿ, ಅವರೊಂದಿಗೆ ಒಂದೇ ದಿನ ಪಾದ್ರಿಯ ಗುರುಪಟ್ಟ ಪಡೆದಿದ್ದ ಗೆಳೆಯ ಪಕ್ಕದ ಕುರ್ಚಿಯಲ್ಲಿದ್ದ. "ಮೊಂಡು ಹಿಡೀಬೇಡ್ವೋ. ಜನರನ್ನ ನೋಡ್ಕೊಳ್ಳೋಕೆ ಯಾರಾದ್ರೂ ಇರಬೇಕಲ್ಲ" ಎಂದು ಪಿಸುಗುಟ್ಟಿ ಸಹಿ ಹಾಕಿದ.

ಶಿಬಿರದಲ್ಲಿ ವಾರವೆಲ್ಲ ಮರ ಕೊಯ್ಯಬೇಕು. ಭಾನುವಾರ ಮಾತ್ರ ಪಾದ್ರಿಯನ್ನು ಕಕ್ಕಸುಗುಂಡಿಗೆ ಇಳಿಸುತ್ತಿದ್ದರು. "ಸ್ವಾಮಿಗಳೇ, ಪೂಜೆಗೆ ಹೊತ್ತಾಯ್ತು" ಎಂದು ಕಾವಲುಗಾರರು ನಗುತ್ತಿದ್ದರು. ಪಾದ್ರಿ ಮೂಗು ಮುಚ್ಚದೆ ಇಳಿದು, ಮಲ ಬಳಿಯುತ್ತಲೇ ಬಾಯಿಪಾಠವಿದ್ದ ಚರ್ಚಿನ ಬಲಿಪೂಜೆಯ ಪ್ರಾರ್ಥನೆಗಳನ್ನು ಮನಸ್ಸಿನಲ್ಲೇ ಮುಗಿಸುತ್ತಿದ್ದರು. ಏಳನೆಯ ವರ್ಷ ಗರಗಸ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡನ್ನೂ ಕಿತ್ತುಕೊಂಡಿತು. ಆಸ್ಪತ್ರೆಯ ಮಂಚಕ್ಕೇ ಮತ್ತೆ ಅದೇ ಕಾಗದ ಬಂತು.

"ಎಡಗೈ ಇದೆಯಲ್ಲ, ಹಾಕು" ಎಂದ ಅಧಿಕಾರಿ.

"ಅದೂ ನನ್ನದೇ ಕೈ, ಸಾಹೇಬ್ರೇ."

ಇನ್ನೂ ನಾಲ್ಕು ವರ್ಷ ಕಳೆದ ಮೇಲೆ ಸರ್ಕಾರ ಬಿತ್ತು, ಪಾದ್ರಿ ಬಿಡುಗಡೆಯಾಗಿ ಮನೆಗೆ ಬಂದರು. ತಮ್ಮನ ದೆಸೆಯಿಂದ ಶಾಲೆಯ ಕೆಲಸ ಕಳೆದುಕೊಂಡು ಹೊಲಿಗೆಯಲ್ಲಿ ಹೊಟ್ಟೆ ಹೊರೆದಿದ್ದ ಅಕ್ಕ, ಅವರ ಹಳೆಯ ನಿಲುವಂಗಿಯನ್ನು ಬಡಕಲು ಮೈಗೆ ತಕ್ಕಂತೆ ಕಿರಿದು ಮಾಡಿಕೊಟ್ಟಳು. ಅದನ್ನು ತೊಟ್ಟು ಪಾದ್ರಿ ಬಿಷಪ್ಪರ ಮನೆಗೆ ಹೋದರು. ಬಿಷಪ್ ಆಗಿದ್ದವನು ಅದೇ ಗೆಳೆಯ. ಎದ್ದು ಬಂದು ತಬ್ಬಿಕೊಂಡ, ಕಣ್ಣೊರೆಸಿಕೊಂಡ. ಆಮೇಲೆ ಕೈ ನೋಡಿದ.

"ಈ ಬೆರಳಿಲ್ದೆ ಪೂಜೇಲಿ ಪರಮಪ್ರಸಾದದ ರೊಟ್ಟಿ ಎತ್ತೋದು ಹೇಗಪ್ಪಾ? ನಿಯಮ ಅಂತ ಒಂದಿದೆ. ಅನುಮತಿಗೆ ಪೋಪ್‌ಗೆ ಬರೀತೀನಿ, ಅಲ್ಲೀವರೆಗೂ ವಿಶ್ರಾಂತಿ ತಗೋ."

"ಪಾಪನಿವೇದನೆ ಕೇಳೋಕೆ ಕಿವಿ ಸಾಕಲ್ವಾ?"

ಗೆಳೆಯ ಕಿಟಕಿಯತ್ತ ತಿರುಗಿದ. "ನಿನ್ನ ನೋಡಿದ್ರೆ ಜನಕ್ಕೆ ಹಳೇದೆಲ್ಲ ನೆನಪಾಗುತ್ತೆ ಕಣೋ. ಈಗ ಬೇಡ."

ಎರಡು ವರ್ಷ ಕಾದರು. ಕೊನೆಗೆ ಅಕ್ಕನೇ ಬಿಷಪ್ಪರ ಕಚೇರಿಗೆ ನುಗ್ಗಿ ಗುಮಾಸ್ತನ ಬಾಯಿ ಬಿಡಿಸಿಕೊಂಡು ಬಂದಳು. "ಅವನು ಯಾರಿಗೂ ಏನೂ ಬರೆದೇ ಇಲ್ಲವಂತೆ. ಹೋಗಿ ಮುಖಕ್ಕೆ ಉಗಿದು ಬಾ."

ಆ ಭಾನುವಾರ ಪಾದ್ರಿ ಚರ್ಚಿಗೆ ಹೋಗಿ ಎಲ್ಲರಂತೆ ಸಾಲಿನಲ್ಲಿ ನಿಂತರು. ಗೆಳೆಯ ಪ್ರಸಾದ ಎತ್ತಿ ಹಿಡಿದು "ಕ್ರಿಸ್ತರ ಶರೀರ" ಎಂದ. ಪಾದ್ರಿಯ ದವಡೆ ಬಿಗಿದುಕೊಂಡಿತು. ಹಿಂದಿದ್ದವರು ಕೆಮ್ಮಿದರು. ಕೊನೆಗೆ "ಆಮೆನ್" ಎಂದು ಬಾಯಿ ತೆರೆದರು.

ಅಕ್ಕನೊಂದಿಗೆ ಮನೆ ಮೆಟ್ಟಿಲು ಹತ್ತುವಾಗ ಪಾದ್ರಿ ಹೇಳಿದರು:

"ಶಿಬಿರದಲ್ಲಿ ದಿನಾ ಅವನ ಹೆಸರು ಹೇಳಿ ಪ್ರಾರ್ಥಿಸ್ತಿದ್ದೆ, ಅಕ್ಕ. ಇವತ್ತು ಆ ಹೆಸರು ಬಾಯಿಗೆ ಬರ್ಲಿಲ್ಲ."