ಎಡ ಹೆಬ್ಬೆರಳಿನ ತೊಗಲು

ಲಾರೆನ್ಸ್ ಊರಿನ ಬಟ್ಟೆ ಗಿರಣಿ ಮುಚ್ಚಿದ ಮೇಲೆ ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಹೆಂಗಸರು ನೂಲು ಬಿಟ್ಟು ತಾಮ್ರದ ತಂತಿ ಹಿಡಿದರು. ಚೌಕಟ್ಟು ಕಟ್ಟಿದ ಪುಟ್ಟ ಹಲಗೆಗಳ ಮೇಲೆ ಸಾಲಾಗಿ ಕೂತ, ಸಾಸಿವೆಗಿಂತ ತುಸು ದೊಡ್ಡ ಕಾಂತದ ಉಂಗುರಗಳಿಗೆ ಅದನ್ನು ಪೋಣಿಸಬೇಕು. ತಂತಿ ಬಲಗಡೆಯಿಂದ ಹೊಕ್ಕರೆ ಉಂಗುರ ‘ಹೌದು’ ಎನ್ನುತ್ತದೆ, ಎಡಗಡೆಯಿಂದ ಹೊಕ್ಕರೆ ‘ಇಲ್ಲ’. ಹೊಸ ಗಣಕಯಂತ್ರದ ಸ್ವಿಚ್ಚುಗಳೆಂದರೆ ಇಷ್ಟೇ. ಬುದ್ಧಿವಂತ ಎಂಬ ಹೆಸರು ಯಂತ್ರಕ್ಕೆ, ಬೆರಳು ಕೊಯ್ಯಿಸಿಕೊಳ್ಳುವುದು ಹೆಂಗಸರಿಗೆ.

ದೆಲ್ಫೀನಳ ಬಲ ಹೆಬ್ಬೆರಳು ಕೀವು ತುಂಬಿ ಊದಿತ್ತು. ರಜೆ ಕೇಳಿದರೆ ಕೆಲಸ ಹೋದಂತೆಯೇ. ಮನೆಯಲ್ಲಿ ಹತ್ತಿಯ ಧೂಳು ಕುಡಿದು ಎದೆ ಕೆಟ್ಟ ಗಂಡ ಮಲಗಿದ್ದ. ಅವಳು ಹುಟ್ಟು ಎಡಚಿ. ಶಾಲೆಯ ಸನ್ಯಾಸಿನಿಯರು ಕೋಲಿನಿಂದ ಹೊಡೆದು ಬಲಗೈ ಕಲಿಸಿದ್ದರು. ಇಪ್ಪತ್ತು ವರ್ಷ ಬಚ್ಚಿಟ್ಟಿದ್ದ ಎಡಗೈಯಲ್ಲಿ ಈಗ ಮೇಸ್ತ್ರಿಯ ಕಣ್ಣು ತಪ್ಪಿಸಿ ಎರಡು ದಿನ ಪೋಣಿಸಿದಳು. ಪಾಪ, ಆ ಕೈ ಎಷ್ಟು ಖುಷಿಯಾಗಿ ಓಡಿತು!

ಗುರುವಾರ ಎಂಟನೇ ಮೇಜಿನ ಆರು ಹಲಗೆಗಳು ವಾಪಸು ಬಂದವು. ‘ಹೌದು’ ಎನ್ನಬೇಕಾದಲ್ಲಿ ‘ಇಲ್ಲ’ ಎನ್ನುತ್ತಿದ್ದವು. ಆ ಮೇಜಿನಲ್ಲಿ ಇಬ್ಬರೇ: ದೆಲ್ಫೀನ್, ಮತ್ತು ಪೋಲೆಂಡಿನವರ ಕೇರಿಯ ಇರೆನಾ. ಇರೆನಾ ಎಡಚಿ ಎಂದು ಎಲ್ಲರಿಗೂ ಗೊತ್ತು.

“ಎಡಚಿಯ ಎಡವಟ್ಟು!” ಮೇಸ್ತ್ರಿ ಹರ್ಲಿ ಹಲಗೆ ಕುಕ್ಕಿದ. “ಆವತ್ತೇ ಬಡ್ಕೊಂಡೆ, ಇವಳನ್ನ ತಗೋಬೇಡಿ ಅಂತ. ನಡಿ ಮನೆಗೆ.”

“ಇದು ನಂದಲ್ಲ ಸಾರ್,” ಎಂದಳು ಇರೆನಾ. “ನಾನು ಮೊದಲು ಚೌಕಟ್ಟನ್ನೇ ತಿರುಗಿಸಿ ಇಟ್ಕೋತೀನಿ. ಆಗ ತಂತಿ ಸರಿಯಾದ ಕಡೆಯಿಂದಾನೇ ಹೋಗುತ್ತೆ. ಇದು ಯಾರೋ ಹೊಸದಾಗಿ ಎಡಗೈ ಹಾಕಿದವರ ಕೆಲಸ.”

“ಹೊಸದಾಗಿ ಎಡಚಿ ಆಗೋರೂ ಇದ್ದಾರೇನೇ?”

ಹೆಂಗಸರು ನಕ್ಕರು. ದೆಲ್ಫೀನಳೂ ನಕ್ಕಳು, ನಕ್ಕಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಎಡಗೈಯನ್ನು ಮೇಜಿನ ಕೆಳಗೆ ಸರಿಸಿದಳು.

ಇರೆನಾ ಕೋಟು ತೊಟ್ಟು ಬಂದು, ಮೇಜಿನ ಕೆಳಗಿದ್ದ ದೆಲ್ಫೀನಳ ಎಡಗೈಯನ್ನು ಎಳೆದು ನೋಡಿದಳು. ಹೆಬ್ಬೆರಳಿನ ಮೇಲೆ ತಂತಿ ಕೊಯ್ದ ಹಸಿ ಗೆರೆಗಳು. ಈಗ ಕೂಗುತ್ತಾಳೆ ಎಂದು ದೆಲ್ಫೀನ್ ಕಣ್ಣು ಮುಚ್ಚಿದಳು.

ಇರೆನಾ ಕೂಗಲಿಲ್ಲ. ತಂತಿ ಕೊಯ್ಯದಂತೆ ತನ್ನ ಎಡ ಹೆಬ್ಬೆರಳಿಗೆ ತೊಟ್ಟಿದ್ದ ತೊಗಲು ಟೋಪಿಯನ್ನು ಕಳಚಿ ಅವಳಿಗೆ ತೊಡಿಸಿದಳು.

“ಎಡಗೈಗೇ ಅಂತ ಹೊಲಿದದ್ದು,” ಎಂದು ಪಿಸುಗುಟ್ಟಿದಳು. “ಚೌಕಟ್ಟು ತಿರುಗಿಸೋದು ಮರೀಬೇಡ ಅಕ್ಕ.”

ಅವಳು ಮೆಟ್ಟಿಲಿಳಿದ ಮೇಲೆ ಹರ್ಲಿ ಆರೂ ಹಲಗೆಗಳನ್ನು ದೆಲ್ಫೀನಳ ಮುಂದಿಟ್ಟು, “ಬಿಚ್ಚಿ ಮತ್ತೆ ಪೋಣಿಸು,” ಎಂದು ಅಲ್ಲೇ ನಿಂತ. ಅವನ ಕಣ್ಣು ಅವಳ ಕೈಗಳ ಮೇಲಿತ್ತು.

ದೆಲ್ಫೀನ್ ಇನ್ನೂ ಬೆಚ್ಚಗಿದ್ದ ತೊಗಲನ್ನು ಕಳಚಿ ಜೇಬಿಗೆ ಹಾಕಿದಳು. ಊದಿದ ಬಲಗೈಯಲ್ಲಿ ಮೊದಲ ತಂತಿಯನ್ನು ಎಳೆದಳು.