ಮೂವತ್ತು ವರ್ಷದ ಸೋಮವಾರ

೧೯೪೬ರಲ್ಲಿ ನಾನು ಪಲ್ಟನ್ ಬಿಟ್ಟು ಆಡೂರಿಗೆ ಬಂದ ದಿನ ಸೋಮವಾರ. ಅವ್ವ ಉಪವಾಸವಿದ್ದಳು. ಮೊದಲ ಮಹಾಯುದ್ಧದಲ್ಲಿ ಅಪ್ಪ ಇರಾಕಿನ ಒಂದು ನದಿಯ ತಿರುವಿನಲ್ಲಿ ಇಂಗ್ಲಿಷರ ಪಲ್ಟನ್ನಿನ ಹೇಸರಗತ್ತೆ ಕಾಯುತ್ತಿದ್ದಾಗ ಕಾಣೆಯಾದನೆಂದು ಸರಕಾರದ ಕಾಗದ ಬಂದಿತ್ತು. ಸತ್ತನೆಂದು ಬರೆದಿರಲಿಲ್ಲ. ಅವನು ತಿರುಗಿ ಬರಲೆಂದು ಅವ್ವ ಅಂದಿನಿಂದ ಸೋಮವಾರ ರೊಟ್ಟಿ ಮುಟ್ಟಿರಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ನಾನು ಜರ್ಮನಿಯಲ್ಲಿ ಸೆರೆಯಿದ್ದೆ. ಆ ಕ್ಯಾಂಪಿನ ಅಧಿಕಾರಿ ರೀಮನ್ ಹಳೆಯ ವೈಮಾನಿಕ. ಮೊದಲ ಯುದ್ಧದಲ್ಲಿ ತುರ್ಕರ ಪರವಾಗಿ ಇರಾಕಿನ ಮೇಲೆ ಹಾರಿದ್ದ. ಸೋತ ಮೇಲೆ ಹುಡುಗರಿಗೆ ಎಂಜಿನ್ನಿಲ್ಲದ ವಿಮಾನ ಹಾರಿಸಲು ಕಲಿಸಿದ. ಎರಡನೆಯ ಯುದ್ಧ ಬಂದಾಗ ಕಣ್ಣು ಮಂಜಾಗಿ, ನಮ್ಮ ಕಾವಲಿಗೆ ಬಂದಿದ್ದ. ಅವನ ಕೋಣೆ ಗುಡಿಸುವುದು ನನ್ನ ಕೆಲಸ.

ಒಮ್ಮೆ ಹರಕು ಇಂಗ್ಲಿಷಿನಲ್ಲಿ ಅಪ್ಪನ ವಿಷಯ ಕೇಳಿದ. ಹೇಳಿದೆ. ಅವನು ತನ್ನ ಹಾರಾಟದ ಹಳೆಯ ಪುಸ್ತಕ ತೆಗೆದು ಒಂದು ಸಾಲು ಓದಿದ. ಅಪ್ಪ ಕಾಣೆಯಾದ ವಾರದ್ದೇ ತಾರೀಖು. ನದಿಯ ಅದೇ ತಿರುವು, ಹೇಸರಗತ್ತೆಗಳು, ಎರಡು ಬಾಂಬು, ಯಾರೂ ಉಳಿದಿಲ್ಲ. ಪುಸ್ತಕ ಮುಚ್ಚಿದ. ನಾನು ಮತ್ತೆ ಕಸಬರಿಗೆ ಹಿಡಿದೆ. ಏನೂ ಅನಿಸಲಿಲ್ಲ. ಅನಿಸದ ನನ್ನ ಮೇಲೆ ಇವತ್ತಿಗೂ ಸಿಟ್ಟಿದೆ.

ಇಷ್ಟನ್ನೂ ಅವ್ವನಿಗೆ ಹೇಳಿದೆ.

"ಆ ಬಾಂಬ್ ಹಾಕಿದ ಮನಷ್ಯಾ ಇನ್ನೂ ಅದಾನೇನು?" ಎಂದಳು.

"ಅದಾನ. ಮುದುಕ ಆಗ್ಯಾನ."

ಅಕ್ಕ ಮಂಜವ್ವ ನನಗೆ ಊಟಕ್ಕೆ ಬಡಿಸುತ್ತಿದ್ದಳು. ಅವ್ವ ಕೈ ತೊಳೆದು ಬಂದು ನನ್ನ ಪಕ್ಕ ಕುಳಿತಳು.

"ನನಗೂ ಒಂದ್ ರೊಟ್ಟಿ ಹಾಕು" ಎಂದಳು.