ಕೆಟ್ಟು ನಿಂತ ಲಿಫ್ಟು, ಹದಿನೆಂಟು ಮನೆಯವರ ಸಹಿ

ಚಿಕ್ಕಬಳ್ಳಾಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ಲಿಫ್ಟು ಕೆಟ್ಟು ಎರಡು ತಿಂಗಳಾಗಿತ್ತು. ನಾಲ್ಕನೇ ಮಹಡಿಯ ಬಯ್ಯಪ್ಪನವರಿಗೆ ಲಕ್ವ ಹೊಡೆದು ಎಡಗಾಲಿಗೆ ಶಕ್ತಿ ಇರಲಿಲ್ಲ. ಅಷ್ಟು ದಿನದಿಂದ ಅವರು ಕೆಳಗಿಳಿದೇ ಇರಲಿಲ್ಲ.

ಕಟ್ಟಡದ ನಿರ್ವಹಣೆ ಹೊತ್ತ ಕಂಪನಿಗೆ ಅವರ ಹೆಂಡತಿ ಆಂಜಿನಮ್ಮ ದಿನಾ ಫೋನ್ ಮಾಡುತ್ತಿದ್ದರು. "ನಾಳೆ ಬರ್ತಾರಮ್ಮ" ಎಂಬ ಉತ್ತರ. ಬರಬರುತ್ತಾ ಕಂಪನಿಯವರು ಫೋನ್ ಎತ್ತುವುದನ್ನೇ ಬಿಟ್ಟರು.

ಎರಡನೇ ಮಹಡಿಯ ತನುಜ ವಕೀಲರೊಬ್ಬರ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಒಂದು ಸಂಜೆ ಕಾಗದ ಹಿಡಿದು ಆಂಜಿನಮ್ಮನವರ ಮನೆಗೆ ಬಂದಳು.

"ಆಂಟಿ, ಹದಿನೆಂಟು ಮನೆಯೋರೂ ಸೇರಿ ಒಂದೇ ಕಂಪ್ಲೇಂಟ್ ಕೊಡಣ. ಸೈನ್ ಹಾಕಿ."

"ಬಿಡಮ್ಮ, ಹೇಳಿ ಹೇಳಿ ಸಾಕಾಗೋಯ್ತು. ಕಾಗದಕ್ಕೆ ಹೆದರ್ತಾರಾ ಅವ್ರು?"

"ಫೋನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಎಲ್ಲಿದೆ ಆಂಟಿ?"

"ನೋಡಣ ಬಿಡು" ಎಂದು ಆಂಜಿನಮ್ಮ ಬಾಗಿಲು ಹಾಕಿಕೊಂಡರು.

ಆ ಭಾನುವಾರ ಬಯ್ಯಪ್ಪನವರ ಅಕ್ಕ ಗಂಗುಲಮ್ಮ ತಮ್ಮನನ್ನು ನೋಡಲು ಜಂಗಮಕೋಟೆಯಿಂದ ಬಂದರು. ವಯಸ್ಸು ಎಪ್ಪತ್ತೆಂಟು. ಮೊದಲ ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಂದು ಮೆಟ್ಟಿಲ ಮೇಲೆ ಕುಸಿದು ಕುಳಿತರು. ಕೊನೆಗೆ ಅಕ್ಕ ಕೆಳಗೆ ಗೇಟಿನ ಹತ್ತಿರ, ತಮ್ಮ ಮೇಲೆ ಬಾಲ್ಕನಿಯ ಕಂಬಿ ಹಿಡಿದು ನಿಂತರು.

"ಊಟ ಸೇರ್ತದೇನಪ್ಪಾ?"

"ಸೇರ್ತದಕ್ಕಾ. ನಿನ್ನ ಕಣ್ಣಿನ ಆಪರೇಷನ್ ಆಯ್ತಾ?"

"ಆಂ? ಕೇಳಿಸ್ತಿಲ್ಲ ಕಣೋ!"

ಹತ್ತು ನಿಮಿಷ ಹೀಗೇ ಕೂಗಿಕೊಂಡರು. ಆಮೇಲೆ ಗಂಗುಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಸ್ಸಿಗೆ ಹೊರಟುಹೋದರು. ಬಯ್ಯಪ್ಪನವರು ಗೋಡೆ ಕಡೆ ತಿರುಗಿ ಮಲಗಿದರು. ಊಟಕ್ಕೆ ಏಳಲಿಲ್ಲ.

ಆಂಜಿನಮ್ಮ ಎರಡನೇ ಮಹಡಿಗೆ ಇಳಿದರು. "ಎಲ್ಲಿ ತನುಜಾ ಆ ಕಾಗದ?"

ಹದಿನೆಂಟು ಮನೆಯವರ ಸಹಿ ಹೊತ್ತು ದೂರು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಯಿತು. ಬಿಡಿಭಾಗ ಸಿಗುತ್ತಿಲ್ಲ ಎಂದು ಕಂಪನಿ ಒಂದು ಸಾಲು ಬರೆದು ಸುಮ್ಮನಾಯಿತು. ಮನೆ ಮಾಲೀಕರು ಸಂಘ ಕಟ್ಟಿ ನೋಂದಾಯಿಸಿದರು. ಸಭೆಗೆ ಒಮ್ಮೆ ಹನ್ನೆರಡು ಜನ, ಒಮ್ಮೆ ಐದೇ ಜನ. ಕಂಪನಿಯ ಜೊತೆಗಿನ ಕರಾರನ್ನು ತನುಜ ಎಲ್ಲರಿಗೂ ಓದಿ ಹೇಳಿದಳು. ಕೆಲಸ ಮಾಡದಿದ್ದರೆ ನೋಟಿಸ್ ಕೊಟ್ಟು ಬಿಡಿಸಬಹುದು ಎಂದು ಅದರಲ್ಲೇ ಬರೆದಿತ್ತು.

"ಇನ್ನೂ ಎಷ್ಟು ಕಾಗದ ತನುಜಾ?" ಆಂಜಿನಮ್ಮನವರ ದನಿ ಸೋತಿತ್ತು.

"ಇದೊಂದು ಆಂಟಿ. ಹದಿನೈದು ದಿನದಲ್ಲಿ ರಿಪೇರಿ ಮಾಡ್ದಿದ್ರೆ ಕರಾರು ರದ್ದು, ಗ್ರಾಹಕರ ಆಯೋಗಕ್ಕೆ ದೂರು ಅಂತ ಬರ್ದಿದೀವಿ."

ಹದಿಮೂರನೇ ದಿನ ಮೆಕ್ಯಾನಿಕ್‌ಗಳು ಬಂದು ಲಿಫ್ಟು ಸರಿಮಾಡಿದರು. ಆದರೂ ಇನ್ನು ನಂಬಲಾಗದೆಂದು ಸಂಘದವರು ಆ ಕಂಪನಿಯನ್ನು ಬಿಡಿಸಿ ಬೇರೆಯವರಿಗೆ ಕೆಲಸ ಕೊಟ್ಟರು. ದೂರು ಕೊಟ್ಟಾಗಿನಿಂದ ಇಷ್ಟಕ್ಕೆ ಐದು ತಿಂಗಳು ಹಿಡಿಯಿತು.

ಲಿಫ್ಟು ಓಡಿದ ದಿನ ಬಯ್ಯಪ್ಪನವರು ಕೆಳಗಿಳಿದು ಬೇವಿನ ಮರದ ನೆರಳಲ್ಲಿ ಕುಳಿತರು. ಒಂದು ಗಂಟೆಯಾದ ಮೇಲೆ ಹೆಂಡತಿ ಕರೆದರು.

"ಇನ್ನೊಂದು ಸ್ವಲ್ಪ ಹೊತ್ತು ಇರ್ತೀನಿ ಕಣೇ."

ಆಂಜಿನಮ್ಮನೂ ಪಕ್ಕದಲ್ಲಿ ಕುಳಿತರು. "ಮೊದಲ್ನೇ ದಿನಾನೇ ಸೈನ್ ಹಾಕ್ಬೇಕಿತ್ತು" ಎಂದರು.

ನಿಮ್ಮ ಕಟ್ಟಡದಲ್ಲೂ ಹೀಗೇ ಆಗಿದೆಯೇ? ಒಬ್ಬೊಬ್ಬರೇ ಫೋನ್ ಮಾಡಿ ಸುಸ್ತಾಗಬೇಡಿ. ಎಲ್ಲರೂ ಸೇರಿ ಬರೆದು ಕೊಡಿ, ಸ್ವೀಕೃತಿ ಪಡೆದು ಇಟ್ಟುಕೊಳ್ಳಿ. ಸಂಘವನ್ನು ನೋಂದಾಯಿಸಿ, ಕರಾರು ಓದಿ. ಬೇಸರವಾದರೂ ಮುಂದಿನ ಸಭೆಗೆ ಹೋಗಿ. ನಿಮ್ಮ ನೆರೆಮನೆಯಲ್ಲೂ ಕೆಳಗಿಳಿಯಲಾಗದವರು ಯಾರಾದರೂ ಇರಬಹುದು.